ಮೋಟಾರಿಗೆ ಕಾಯಿ ಒಡೆದವನು

ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಕೆಡಿಸಿದವಳು ತಾನೇ ಎಂದು ಅಕ್ಕ ನಂಬಿದ್ದಳು. ಕೆಡಿಸಿದವನು ನಾನು ಎಂದು ನನಗೆ ಒಳಗೊಳಗೇ ಗೊತ್ತಿತ್ತು. ಐದು ದಿನ ಅವಳು ತನ್ನನ್ನು ತಾನು ಬೈದುಕೊಂಡಳು, ಐದು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಾಯಿ ಐದು ದಿನ ಮುಚ್ಚಿತ್ತು ಎಂದರೆ ಸಿಂದಗಿಯಲ್ಲಿ ಯಾರೂ ನಂಬುವುದಿಲ್ಲ.

ಯಾಕೆಂದರೆ ಬಾಯಿಯೇ ನನ್ನ ದುಡಿಮೆ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಾರಲ್ಲ, ಸೀರೆ ಅಂಗಡಿ ಆರಂಭ, ಕಣ್ಣಿನ ತಪಾಸಣೆ ಶಿಬಿರ, ನಾಳೆ ನಳ ಬರುವುದಿಲ್ಲ ಎಂದು ಸಾರುತ್ತಾರಲ್ಲ, ಆ ದನಿ ನನ್ನದು. ಸೀರೆ ಅಂಗಡಿಗೆ ಒಬ್ಬ ಅತ್ತೆಯ ದನಿ, ಒಬ್ಬ ಸೊಸೆಯ ದನಿ. ಕಣ್ಣಿನ ಶಿಬಿರಕ್ಕೆ ಕೆಮ್ಮುವ ಮುದುಕನ ದನಿ. ಎಲ್ಲವೂ ಒಂದೇ ಗಂಟಲಿನಿಂದ. ಬಸ್ಸಿನ ಕಂಡಕ್ಟರ್, ನಮ್ಮ ಓಣಿಯ ಡಾಕ್ಟರು, ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು, ಯಾರನ್ನೂ ನಾನು ಬಿಟ್ಟವನಲ್ಲ. ಸಾಲೆಯಲ್ಲಿ ಮಾಸ್ತರರ ದನಿ ತೆಗೆಯುತ್ತಿದ್ದಾಗ ಅವರು ಹಿಂದೆಯೇ ನಿಂತಿದ್ದರು. ಬೆನ್ನಿಗೆ ಬಿದ್ದ ಬೆತ್ತದ ಸದ್ದನ್ನೂ ಅಲ್ಲೇ ಅನುಕರಿಸಿ ಇನ್ನೆರಡು ತಿಂದೆ. ಬುದ್ಧಿ ಅಷ್ಟು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ, ಲುಂಗಿ, ಏನೇ ಕೊಡಿ, ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ, ಇರುವೆಯ ಸಾಲು ಹೋದಂತೆ ದಾರ ಓಡಿಸುತ್ತಾಳೆ. ಅವಳ ಕೌದಿ ಹೊದ್ದವರು ಬೆಳಿಗ್ಗೆ ಬೇಗ ಏಳುವುದಿಲ್ಲ. ಆದರೆ ಹಳೆಯ ಬಟ್ಟೆ ಎಂದರೆ ಧೂಳು, ಎಳೆ, ಹತ್ತಿಯ ಸಣ್ಣ ನಾರು. ಮೂರು ವರ್ಷದ ಹಿಂದೆ ಅವಳಿಗೆ ದಮ್ಮು ಶುರುವಾಯಿತು. ಕಸಬರಿಗೆ ಹಿಡಿದರೆ ಧೂಳು ಎದ್ದು ಅವಳ ಎದೆಗೇ ಹೋಗಿ ಕೂರುತ್ತಿತ್ತು. ಪಡಸಾಲೆಯ ತುಂಬ ಬಟ್ಟೆ ಹಾಸಿರುವಾಗ ನೆಲ ಒರೆಸುವಂತೆಯೂ ಇರಲಿಲ್ಲ. ಡಾಕ್ಟರು ಒಂದೇ ಮಾತು ಹೇಳಿದ್ದರು: ಇಲ್ಲಾ ಧೂಳು ಬಿಡು, ಇಲ್ಲಾ ಕೌದಿ ಬಿಡು. ಮನೆಗೆ ಬಂದು ಆ ಮಾತನ್ನು ನಾನು ಡಾಕ್ಟರ ದನಿಯಲ್ಲೇ, ಅವರ ಹಾಗೆಯೇ ಕನ್ನಡಕ ಒರೆಸಿಕೊಳ್ಳುತ್ತ ಹೇಳಿ ತೋರಿಸಿದೆ. ಅಕ್ಕ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಉಸಿರು ಕಟ್ಟುವವರೆಗೆ ಹೋಯಿತು. ಅಂದಿನಿಂದ ಡಾಕ್ಟರನ್ನು ನನ್ನ ಪಟ್ಟಿಯಿಂದ ತೆಗೆದುಬಿಟ್ಟೆ.

ಆ ಹೊತ್ತಿಗೆ ನಮ್ಮ ಮನೆಗೆ ಬಂದದ್ದು ಈ ಯಂತ್ರ. ಅವ್ವ ಅಡುಗೆ ಮಾಡಿಕೊಡುತ್ತಿದ್ದ ಒಬ್ಬ ಅಧಿಕಾರಿಗೆ ವರ್ಗವಾಯಿತು. ಲಾರಿಯಲ್ಲಿ ಎಲ್ಲ ಸಾಮಾನು ಹಿಡಿಸಿತು, ಇದೊಂದು ಹಿಡಿಸಲಿಲ್ಲ. ಅದು ಇಪ್ಪತ್ತು ವರ್ಷದ ಹಿಂದಿನದು, ನೆಟ್ಟಗೆ ನಿಲ್ಲುವ ಜಾತಿಯದು. ಕೆಳಗೆ ಮಣೆಯಂಥ ಅಗಲವಾದ ಬಾಯಿ, ಬಾಯೊಳಗೆ ಕಸ ಬಡಿದೆಬ್ಬಿಸುವ ಕೂದಲಿನ ಉರುಳೆ, ಅದರ ಮೇಲೆ ಮೋಟಾರಿನ ಗುಂಡು ತಲೆ, ಅಲ್ಲಿಂದ ಎದೆಯೆತ್ತರಕ್ಕೆ ಕಬ್ಬಿಣದ ಹಿಡಿಕೆ, ಹಿಡಿಕೆಗೆ ಜೋತುಬಿದ್ದ ಬಟ್ಟೆಯ ಚೀಲ. ಗುಂಡಿ ಒತ್ತಿದರೆ ಚೀಲ ಉಬ್ಬಿ, ಮದುವೆ ಊಟ ಮುಗಿಸಿ ಎದ್ದ ದೊಡ್ಡ ಮನುಷ್ಯನ ಹಾಗೆ ನಿಲ್ಲುತ್ತಿತ್ತು. ನಾನು ಅದಕ್ಕೆ ‘ಸಾಹೇಬರು’ ಎಂದು ಹೆಸರಿಟ್ಟೆ. ಸಾಹೇಬರು ಬಂದ ಮೇಲೆ ಅಕ್ಕನ ದಮ್ಮು ಇಳಿಯಿತು. ಬಾಯಿಗೆ ಹೊಡೆದುಕೊಳ್ಳುವ ಪಂಪು ವಾರಗಟ್ಟಲೆ ಗೋಡೆಯ ಮಾಡದಲ್ಲೇ ಇರುತ್ತಿತ್ತು.

ಕಳೆದ ದಸರೆಯ ಹೊತ್ತಿಗೆ ಮುದ್ದೇಬಿಹಾಳದ ಒಬ್ಬ ಹೆಣ್ಣುಮಗಳು, ಎಲ್ಲರೂ ಬಾಯಾರು ಎಂದು ಕರೆಯುವವರು, ಫೋನು ಮಾಡಿದರು. ಕೌದಿ ಹೊಲಿಸಿ ದೂರದೂರಿಗೆ ಕಳಿಸುವವರು. ಸಂಕ್ರಾಂತಿಗೆ ಹತ್ತು ಬೇಕು, ಚೆನ್ನಾಗಿ ಬಂದರೆ ವರ್ಷವಿಡೀ ಕೆಲಸ ಕೊಡುತ್ತೇನೆ ಎಂದರು. ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದ ಮುಂದಿನ ಬುಧವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ಆಮೇಲೆ ಸೀರೆಗಳ ಗಂಟು ಬೇರೆ ಯಾರಿಗಾದರೂ ಹೋಗುತ್ತದೆ. ಅಕ್ಕ ಆ ಫೋನು ಇಟ್ಟ ಮೇಲೆ ಪಡಸಾಲೆಯ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದಳು. ಒಂದೇ ಸಲ ಎರಡು ಕೌದಿ ಹಾಸಬಹುದೇ ಎಂದು. ಅವಳು ಹಾಗೆ ಯಾವುದನ್ನೂ ಅಳೆದದ್ದನ್ನು ನಾನು ನೋಡಿರಲಿಲ್ಲ.

ಅದಕ್ಕೂ ಒಂದು ತಿಂಗಳ ಹಿಂದೆ ಸಾಹೇಬರ ಹಳೆಯ ಚೀಲ ಹರಿದಿತ್ತು. ಕೌದಿ ಹೊಲಿಯುವವಳ ಮನೆಯಲ್ಲಿ ಚೀಲಕ್ಕೆ ಬರವೇ? ಅಕ್ಕ ಒಂದು ವಾರ ಕೂತು ಹೊಸದು ಹೊಲಿದಳು. ಗಟ್ಟಿ ಬಟ್ಟೆಯ ಎರಡು ಪದರ, ಮೈತುಂಬ ಒತ್ತೊತ್ತಾದ ಹೊಲಿಗೆ, ಅಂಚಿಗೆ ಕೆಂಪು ಪಟ್ಟಿ. ತೊಡಿಸಿದಾಗ ಸಾಹೇಬರು ಮದುಮಗನಂತೆ ಕಂಡರು. ಚಾಲೂ ಮಾಡಿದರೆ ದನಿ ಬೇರೆಯಾಗಿತ್ತು. ಮೊದಲು ಹೊಟ್ಟೆಯಿಂದ ಬರುತ್ತಿದ್ದ ಗೂಂ ಎಂಬ ಸದ್ದು ಈಗ ಮೂಗಿಗೆ ಏರಿ ಗೀಂ ಎನ್ನುತ್ತಿತ್ತು. ಅದು ನನ್ನ ಕಿವಿಗೆ ಬಿತ್ತು. ಬಿದ್ದದ್ದನ್ನು ಏನು ಮಾಡಿದೆ? ಸಾಹೇಬರಿಗೆ ಬಡ್ತಿ ಸಿಕ್ಕಿದೆ, ಅದಕ್ಕೇ ದನಿ ಏರಿದೆ ಎಂದು ಓಣಿಯ ತುಂಬ ಆ ಸದ್ದು ತೆಗೆದು ತೋರಿಸಿದೆ. ದನಿ ಯಾಕೆ ಏರಿತು ಎಂದು ಯೋಚಿಸಲಿಲ್ಲ.

ಖಂಡೇಪೂಜೆಯ ದಿನ ಬೆಳಿಗ್ಗೆಯಿಂದ ಅಕ್ಕ ಮನೆಯ ಮೂಲೆ ಮೂಲೆಯನ್ನೂ ಅದರಿಂದಲೇ ಎಳೆದಳು. ಗಂಟೆಗೂ ಹೆಚ್ಚು ಹೊತ್ತು ಬಿಡದೆ ಓಡಿಸಿದ ಮೇಲೆ, ದೇವರ ಮನೆಯ ಹೊಸ್ತಿಲ ಹತ್ತಿರ ಅದು ತನ್ನಷ್ಟಕ್ಕೆ ನಿಂತುಬಿಟ್ಟಿತು. ರಬ್ಬರು ಕಾದ ವಾಸನೆ. ಮೋಟಾರಿನ ತಲೆ ಮುಟ್ಟಿದರೆ ಹಂಚಿನ ಹಾಗೆ ಬಿಸಿ. ಅಕ್ಕ ಗುಂಡಿ ಆರಿಸಿ, ಆಮೇಲೆ ನೋಡಿದರಾಯಿತು, ಪೂಜೆಗೆ ಹೊತ್ತಾಯಿತು ಎಂದು ಒಳಗೆ ಹೋದಳು. ಅವಳು ಮಾಡಿದ್ದು ಸರಿಯಾಗಿತ್ತು. ನಾನೂ ಅಷ್ಟೇ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಮ್ಮ ಕಡೆ ಖಂಡೇಪೂಜೆಗೆ ಮನೆಯಲ್ಲಿ ದುಡಿಯುವ ಪ್ರತಿಯೊಂದು ವಸ್ತುವೂ ತೊಳೆಸಿಕೊಂಡು ಸಾಲಿಗೆ ಬರಬೇಕು. ಹೊಲಿಗೆ ಯಂತ್ರ, ಕತ್ತರಿ, ಕುಡುಗೋಲು, ಒರಳು, ನನ್ನ ಮೈಕಿನ ಹಾರ್ನು, ಬೈಕು. ಪೂಜಾರಿ ನಾನೇ. ಅವ್ವನಿಗೆ ನನ್ನ ಭಕ್ತಿಯ ಮೇಲೆ ನಂಬಿಕೆಯಿಲ್ಲ, ನನ್ನ ದನಿಯ ಮೇಲೆ ಇದೆ. ಸಾಹೇಬರನ್ನೂ ಅಂಗಳಕ್ಕೆ ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರೆಳೆ ವಿಭೂತಿ ಎಳೆದು, ಕುಂಕುಮ ಇಟ್ಟೆ. ಎಲ್ಲದಕ್ಕೂ ಕಾಯಿಯ ನೀರು ಎರಡೆರಡು ಹನಿ ಚಿಮುಕಿಸುವುದು ರೂಢಿ. ಆದರೆ ಸಾಹೇಬರು ಕಾಯಿಲೆ ಬಿದ್ದಿದ್ದರಲ್ಲ. ಅವ್ವನೂ ಅಕ್ಕನೂ ಒಳಗೆ ಆರತಿ ತಟ್ಟೆ ಸಿದ್ಧಮಾಡುತ್ತಿದ್ದರು. ನಾನು ದೊಡ್ಡ ಜಾತ್ರೆಯ ಪೂಜಾರಿಯ ದನಿಯಲ್ಲಿ ಏನೋ ಮಂತ್ರದಂಥದ್ದು ಗೊಣಗಿ, ಕಾಯಿ ಒಡೆದು, ಆ ಇಡೀ ಕಾಯಿಯ ನೀರನ್ನು ಅದರ ನೆತ್ತಿಯ ಮೇಲೆ ಸುರಿದೆ. ಗಾಳಿ ಹೋಗಲೆಂದು ಸೀಳು ಸೀಳು ತೂತು ಮಾಡಿದ್ದಾರಲ್ಲ, ಸರಿಯಾಗಿ ಅಲ್ಲಿಗೆ. ನೀರು ಒಳಗೆ ಇಳಿಯುವ ಸದ್ದೂ ಚೆನ್ನಾಗಿಯೇ ಕೇಳಿತು. ಆಮೇಲೆ ಪವಾಡ ನೋಡಬೇಕೆಂದು ಪ್ಲಗ್ ಹಾಕಿ ಗುಂಡಿ ಒತ್ತಿದೆ. ಒಳಗೆ ಚಟ್ ಎಂದಿತು. ಸಕ್ಕರೆ ಸೀದ ವಾಸನೆ ಬಂತು. ಅಷ್ಟೇ. ಪ್ಲಗ್ ಕಿತ್ತು, ನೆತ್ತಿ ಒರೆಸಿ, ವಿಭೂತಿ ಮತ್ತೆ ಎಳೆದು, ಆರತಿಗೆ ಕೈ ಮುಗಿದು ನಿಂತೆ.

ಮರುದಿನ, ಗುರುವಾರ, ಬನ್ನಿ. ಊರಿಗೆ ಊರೇ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದು ಹಳೆಯದನ್ನೆಲ್ಲ ಮರೆಯುವ ದಿನ. ತಪ್ಪು ಒಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ದಿನ ಪಂಚಾಂಗದಲ್ಲಿಲ್ಲ. ಅಕ್ಕನಿಗೆ ಬನ್ನಿ ಕೊಡಲು ಹೋದಾಗ ಅವಳು ಸಾಹೇಬರನ್ನು ಮಲಗಿಸಿಕೊಂಡು, ಉರುಳೆಗೆ ಸುತ್ತಿದ್ದ ದಾರವನ್ನು ಕತ್ತರಿಯಿಂದ ಕತ್ತರಿಸಿ ಕತ್ತರಿಸಿ ತೆಗೆಯುತ್ತಿದ್ದಳು. ನಿಂಬೆಹಣ್ಣಿನ ಗಾತ್ರದ ದಾರದ ಉಂಡೆ. ಅಷ್ಟೆಲ್ಲ ತೆಗೆದು, ಪ್ಲಗ್ ಹಾಕಿ ನೋಡಿದರೆ ಜೀವವಿಲ್ಲ.

“ನನ್ನ ದಾರಾನ ಇದರ ಕುತ್ತಿಗಿ ಹಿಸುಕ್ಯಾವ ತಮ್ಮಾ,” ಎಂದಳು.

ನಾನು ಬನ್ನಿ ಕೊಟ್ಟೆ. ಕಾಲಿಗೆ ಬಿದ್ದೆ. ಎದ್ದೆ. ಮುಂದಿನ ಮನೆಗೆ ಬನ್ನಿ ಕೊಡಲು ಹೋದೆ.

ಶುಕ್ರವಾರ ಪಡಸಾಲೆಯನ್ನು ಅವ್ವ ಕಸಬರಿಗೆಯಿಂದ ಗುಡಿಸಿದಳು. ಮೆಲ್ಲಗೇ ಗುಡಿಸಿದಳು. ಆದರೂ ಮಧ್ಯಾಹ್ನದ ಹೊತ್ತಿಗೆ ಅಕ್ಕ ಮಾಡದಿಂದ ಪಂಪು ಇಳಿಸಿ ಎರಡು ಸಲ ಹೊಡೆದುಕೊಂಡಳು. ಸೂಜಿಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದಳು. ಮುದ್ದೇಬಿಹಾಳದವರಿಗೆ ಇವತ್ತೇ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ, ಬುಧವಾರದವರೆಗೆ ಅವರನ್ನು ಯಾಕೆ ಕಾಯಿಸುವುದು ಎಂದಳು. ಫೋನನ್ನು ಅವಳ ಕೈಯಿಂದ ಕಸಿದುಕೊಂಡೆ. ಬುಧವಾರ ಅಂದರೆ ಬುಧವಾರ, ಅಲ್ಲಿಯವರೆಗೆ ಇದು ನನ್ನ ಹತ್ತಿರವೇ ಇರುತ್ತದೆ ಎಂದೆ. ಆ ಮಾತು ಯಾರ ದನಿಯಲ್ಲೂ ಹೇಳಲಿಲ್ಲ. ನನ್ನದೇ ದನಿ ಕೇಳಿ ನನಗೇ ಸ್ವಲ್ಪ ಗಾಬರಿಯಾಯಿತು.

ಅದೇ ಗಳಿಗೆಯಲ್ಲಿ ಸಾಹೇಬರನ್ನು ಹೊತ್ತು ಪಕ್ಕದ ತಾಲೂಕು ಇಂಡಿಯ ಬಸ್ಸು ಹತ್ತಿದೆ. ಸಿಂದಗಿಯಲ್ಲಿ ಇಬ್ಬರು ಮಿಕ್ಸರ್ ರಿಪೇರಿಯವರು ಇದನ್ನು ನೋಡಿಯೇ ಕೈಯಾಡಿಸಿಬಿಟ್ಟಿದ್ದರು. ಇಂಡಿಯಲ್ಲಿ ಒಬ್ಬ ದೊಡ್ಡ ಅಂಗಡಿಯವನಿದ್ದಾನೆ ಎಂದು ಕೇಳಿದ್ದೆ. ಕಂಡಕ್ಟರ್ ನನ್ನ ಪಕ್ಕದ ಸೀಟಿನಲ್ಲಿ ನಿಂತಿದ್ದ ಸಾಹೇಬರನ್ನು ನೋಡಿ, ಇವರು ಕೂರುವುದಿಲ್ಲವೇ ಎಂದು ಕೇಳಿದ. ಇಂಡಿಯವನು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಪ್ಲಗ್ ಹಾಕಿದ, ಕಿವಿ ಇಟ್ಟ, ಮೂಗು ಇಟ್ಟ, “ಸುಟ್ಟೈತ್ರಿ, ಹೊಸಾದ ತಗೋರಿ,” ಎಂದ. ಅವನ ಹಿಂದೆ ಹೊಸವು ಸಾಲಾಗಿ ನಿಂತಿದ್ದವು. ತೆರೆದು ನೋಡದೆ ಸತ್ತಿದೆ ಎನ್ನುವವನ ಮಾತಿಗೆ ನಾನು ಹೆಣ ಹೊರುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಸಾಹೇಬರೊಂದಿಗೆ ತಿರುಗಿ ಬಸ್ಸು ಹತ್ತಿದೆ.

ಶನಿವಾರ ಬಸವನ ಬಾಗೇವಾಡಿಯ ಚಾಚಾನಿಗೆ ಫೋನು ಮಾಡಿದೆ. ಚಾಚಾ ನಮ್ಮ ಅಪ್ಪನ ಗೆಳೆಯ, ಮೋಟಾರು ವೈಂಡಿಂಗ್ ಮಾಡುವ ಮೇಸ್ತ್ರಿ. ನಲವತ್ತು ವರ್ಷದಿಂದ ಹೊಲದ ಪಂಪುಗಳಿಗೆ ಜೀವ ಕೊಟ್ಟವರು. ಅವರು ನಿಧಾನಕ್ಕೆ ಮಾತಾಡುತ್ತಾರೆ. ಒಂದು ಪದ ಹೇಳಿ ಅದು ನಿಮ್ಮ ಕಿವಿಗೆ ತಲುಪಿತೇ ಎಂದು ನೋಡಿಕೊಂಡು ಇನ್ನೊಂದು ಹೇಳುವವರು.

“ಮೊದಲ ಪ್ಲಗ್ ಕೀಳು. ಕಿತ್ತು ನಿನ್ನ ಕಿಸೆದಾಗ ಇಟ್ಕೋ,” ಎಂದರು.

ಅದು ತಮಾಷೆ ಎಂದುಕೊಂಡೆ. ಅಲ್ಲ. ಯಂತ್ರ ಬಿಚ್ಚುವವನ ಕಿಸೆಯಲ್ಲಿ ಪ್ಲಗ್ ಇದ್ದರೆ ಮನೆಯಲ್ಲಿ ಬೇರೆ ಯಾರೂ ಮರೆತು ಅದನ್ನು ಗೋಡೆಗೆ ಹಾಕುವುದಿಲ್ಲ. ನಾಲ್ಕು ದಶಕದಲ್ಲಿ ಅವರು ಕಂಡ ಅನಾಹುತವೆಲ್ಲ ಮರೆತವರದೇ. ಆಮೇಲೆ ಒಂದೊಂದಾಗಿ ಹೇಳಿದರು. ಗೋಡೆಯಲ್ಲಿ ಕರೆಂಟು ಇದೆಯೇ, ಅದೇ ಜಾಗಕ್ಕೆ ಮಿಕ್ಸರ್ ಹಾಕಿ ನೋಡು. ವಾಯರು ಎಲ್ಲಾದರೂ ಮುರಿದಿದೆಯೇ, ಬೆರಳಿನಿಂದ ಉದ್ದಕ್ಕೂ ಹಿಸುಕಿ ನೋಡು. ಉರುಳೆ ತಿರುಗುತ್ತದೆಯೇ, ಬೆಲ್ಟು ಹರಿದಿದೆಯೇ. ಮೋಟಾರಿನ ದಂಡವನ್ನು ಕೈಯಿಂದ ತಿರುಗಿಸು. ಸಲೀಸಾಗಿ ತಿರುಗಿದರೆ ಬೇರಿಂಗು ಬದುಕಿದೆ, ಕರಕರ ಎಂದರೆ ಅಲ್ಲಿಗೇ ನಿಲ್ಲಿಸು. ಒಂದೂ ಸಿಗದಿದ್ದರೆ ಆಗ ಪ್ಲಗ್ ಹಾಕಿ ಒಂದೇ ಒಂದು ಸಲ ನೋಡು. ಕೊನೆಗೆ ಕೇಳಿದರು, ಇದರ ಮೇಲೆ ನೀರೇನಾದರೂ ಬಿದ್ದಿದೆಯೇ ಎಂದು. ನೀರು ಬಿದ್ದಿದ್ದರೆ ಮಾತ್ರ ಪ್ಲಗ್ಗಿನ ತಂಟೆಗೇ ಹೋಗಬಾರದು.

ಅಕ್ಕ ಎರಡು ಮಾರು ದೂರದಲ್ಲಿ ಕೂತು ಕೇಳುತ್ತಿದ್ದಳು.

“ಇಲ್ರಿ ಚಾಚಾ,” ಎಂದೆ.

ತೆಂಗಿನಕಾಯಿಯ ನೀರನ್ನು ಯಾರೂ ನೀರು ಎನ್ನುವುದಿಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ.

ಭಾನುವಾರ ಹೇಳಿದ್ದನ್ನೆಲ್ಲ ಮಾಡಿದೆ. ಮಿಕ್ಸರ್ ತಿರುಗಿತು, ಗೋಡೆ ಸರಿಯಿದೆ. ವಾಯರು ಸರಿಯಿದೆ. ಬೆಲ್ಟು ಸಡಿಲವಾಗಿತ್ತು, ಆದರೆ ಹರಿದಿರಲಿಲ್ಲ. ದಂಡ ಬೆಣ್ಣೆಯ ಹಾಗೆ ತಿರುಗಿತು. ಎರಡು ಗಂಟೆ ಪ್ಲಗ್ ನನ್ನ ಕಿಸೆಯಲ್ಲೇ ಇತ್ತು. ಎದ್ದು ನೀರು ಕುಡಿಯಲು ಹೋದರೆ ಸಾಹೇಬರೂ ನನ್ನ ಹಿಂದೆ ಎಳೆದುಕೊಂಡು ಬರುತ್ತಿದ್ದರು, ಅವ್ವ ನಕ್ಕಳು. ಎಲ್ಲ ಮುಚ್ಚಿ, ಸ್ಕ್ರೂ ಬಿಗಿದು, ಪ್ಲಗ್ ಹಾಕಿ, ಗುಂಡಿ ಒತ್ತಿದೆ. ಸದ್ದಿಲ್ಲ. ಅಕ್ಕ ಆಗ ತಾನೆ ಬಟ್ಟೆ ಒಗೆದು ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಬಂದಿದ್ದಳು. ಸ್ವಲ್ಪ ಅಲುಗಿಸಿದರೆ ಶುರುವಾಗಬಹುದು ಎಂದು ಹಿಡಿಕೆಯ ಕಡೆಗೆ ಕೈ ಚಾಚಿದಳು.

ಅವಳಿಗಿಂತ ಮೊದಲು ನಾನು ಹಿಡಿಕೆಯನ್ನು ತಟ್ಟಿದೆ. ಜಾಣತನದಿಂದಲ್ಲ, ದೊಡ್ಡ ಮೇಸ್ತ್ರಿಯ ಹಾಗೆ ನಾನೇ ತಟ್ಟಬೇಕೆಂಬ ಹಮ್ಮಿನಿಂದ. ಮೊಳಕೈವರೆಗೆ ಯಾರೋ ಹಾರೆ ಹಾಕಿದಂತಾಯಿತು. ಕಾಲಲ್ಲಿ ಚಪ್ಪಲಿ ಇತ್ತು, ತಟ್ಟಿದ ಕೈ ತಾನಾಗಿ ಹಿಂದಕ್ಕೆ ಹಾರಿತು, ನಾನು ಗೋಡೆಗೆ ಹೋಗಿ ಬಡಿದೆ. ಬಿದ್ದಲ್ಲಿಂದಲೇ, ಮುಟ್ಟಬೇಡ ಎಂದು ಕೂಗಿದೆ. ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ ಕಿತ್ತೆ. ಅಕ್ಕನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆ ಕೈಯನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಇದನ್ನು ಸರಿಮಾಡಿಸಿಯೇ ತೀರಬೇಕು, ಆದರೆ ಸುಳ್ಳಿನ ಮೇಲೆ ನಿಂತು ಸರಿಮಾಡಲು ಬರುವುದಿಲ್ಲ ಎಂಬಷ್ಟು ನನ್ನ ತಲೆಗೂ ಹೋಯಿತು. ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಅಕ್ಕನೂ ಸೆರಗು ಸಿಕ್ಕಿಸಿ ಹೊರಟಳು. ಇನ್ನು ಮುಂದೆ ನಿನ್ನನ್ನು ನಂಬಿ ಇದನ್ನು ಕಳಿಸುವುದಿಲ್ಲ ಎಂದಳು. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಬಾಗೇವಾಡಿಗೆ ಹೋಗುವವರೆಗೆ ನಾನು ಮೂರು ಸಲ ಮಾತು ಶುರುಮಾಡಿ ಮೂರು ಸಲವೂ ಹೊರಗೆ ತೊಗರಿಯ ಬೆಳೆ ಚೆನ್ನಾಗಿದೆ ಎಂದೆ. ಮೂರನೆಯ ಸಲ ಅಕ್ಕ, ಅದು ಹತ್ತಿ ಎಂದಳು.

ಚಾಚಾ ಮೊದಲು ನೋಡಿದ್ದು ಮೋಟಾರನ್ನಲ್ಲ, ಪ್ಲಗ್ಗನ್ನು. ಅದಕ್ಕೆ ಮೂರು ಪಿನ್ನಿರಬೇಕು, ಎರಡೇ ಇದ್ದವು. ಮೇಲಿನ ದೊಡ್ಡ ಪಿನ್ನನ್ನು ಯಾರು ಕಡಿದರು ಎಂದು ಕೇಳಿದರು. ನಮ್ಮ ಗೋಡೆಯಲ್ಲಿ ಎರಡೇ ತೂತಿದ್ದವು, ಆದ್ದರಿಂದ ಯಂತ್ರ ಬಂದ ಮೊದಲ ವಾರವೇ ನಾನು ಗರಗಸದಿಂದ ಕೊಯ್ದಿದ್ದೆ. ಆ ಪಿನ್ನು ಭೂಮಿಗೆ ಹೋಗುವ ದಾರಿ, ಮೈಗೆ ಬಂದ ಕರೆಂಟನ್ನು ಅದು ನೆಲಕ್ಕೆ ಒಯ್ಯುತ್ತದೆ, ಅದನ್ನು ಕೊಯ್ದರೆ ಹಿಡಿದವರ ಮೈಯೇ ದಾರಿಯಾಗುತ್ತದೆ ಎಂದು ಚಾಚಾ ವಿವರಿಸಿದರು. ನನ್ನನ್ನು ನೋಡಿ ಹೇಳಲಿಲ್ಲ, ಅಕ್ಕನನ್ನು ನೋಡಿ ಹೇಳಿದರು. ಅದು ಹೆಚ್ಚು ಚುಚ್ಚಿತು.

ಆಮೇಲೆ ಮೋಟಾರು ಬಿಚ್ಚಿದರು. ಮೋಟಾರಿನ ದಂಡದ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಗುಂಡು ಇರುತ್ತದೆ. ಎರಡು ಕಡೆಯಿಂದ ಕಾರ್ಬನ್ ಎಂಬ ಕರಿ ತುಂಡುಗಳು ಸ್ಪ್ರಿಂಗಿನ ಬಲದಿಂದ ಅದನ್ನು ಒತ್ತಿ ಹಿಡಿದಿರುತ್ತವೆ, ಕರೆಂಟು ಅವುಗಳ ಮೂಲಕವೇ ಒಳಗೆ ಹೋಗುತ್ತದೆ. ಚಾಚಾ ತಾಮ್ರವನ್ನು ಬೆರಳಿನಿಂದ ಮುಟ್ಟಿದರು. ಬೆರಳು ಅಂಟಿತು. ಮೂಗಿಗೆ ಹಿಡಿದರು. ಮತ್ತೆ ಮುಟ್ಟಿದರು.

“ತಮ್ಮಾ,” ಎಂದರು, “ಇದು ನೀರೂ ಅಲ್ಲ, ಎಣ್ಣಿನೂ ಅಲ್ಲ. ಇದೇನು?”

ಅಂಗಡಿಯಲ್ಲಿ ನಾವು ಮೂವರೇ. ಚಾಚಾನ ದನಿ ತೆಗೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಅದೇ ನಿಧಾನದಲ್ಲಿ ಏನಾದರೂ ಒಂದು ಹೇಳಿ ನಗಿಸಿ ಪಾರಾಗಬಹುದಿತ್ತು. ಮೇಜಿನ ಮೇಲೆ ಅಕ್ಕನ ಕೈ ಇತ್ತು.

“ಟೆಂಗಿನಕಾಯಿ ನೀರು ರಿ,” ಎಂದೆ. “ಖಂಡೇಪೂಜಿ ದಿನ ನಾನ ಸುರುವೇನಿ. ಅಕ್ಕಂದೇನೂ ತಪ್ಪಿಲ್ಲ.”

ಅಕ್ಕ ನನ್ನ ಕಡೆ ತಿರುಗಿದಳು.

“ಎಷ್ಟು?”

“ಇಡೀ ಕಾಯಿ.”

“ಐದು ದಿನ ನಾ ನನ್ನ ದಾರಕ್ಕ ಬೈಕೋಂತ ಕುಂತಿದ್ದೆ. ನೀ ಎದುರಿಗೇ ಕುಂತು ರೊಟ್ಟಿ ತಿನ್ನಾಕತ್ತಿದ್ದಿ.”

ಹೌದು ಎಂದೆ. ಅವಳು ಮುಂದೆ ಬೈಯಲಿಲ್ಲ, ಚಾಚಾನ ಕಡೆ ತಿರುಗಿ ಇದು ಬದುಕುತ್ತದೆಯೇ ಎಂದಷ್ಟೇ ಕೇಳಿದಳು.

ಚಾಚಾ ತಮ್ಮ ಗೋಡೆಯ ಹಲಗೆಗೆ ಮೋಟಾರಿನೊಳಗಿನ ಸುರುಳಿ ತಂತಿಯ ತುದಿಗಳನ್ನೇ ಜೋಡಿಸಿದರು. ಆ ಹಲಗೆಯಲ್ಲಿ ಕರೆಂಟು ಒಂದು ದೊಡ್ಡ ಬಲ್ಬನ್ನು ದಾಟಿಕೊಂಡೇ ಮುಂದೆ ಹೋಗಬೇಕು. ಒಳಗೆ ಎಲ್ಲಾದರೂ ತಂತಿ ತಂತಿಗೆ ತಾಗಿದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಅಲ್ಲಿಗೆ ಗೊತ್ತಾಗುತ್ತದೆ, ಮೋಟಾರೂ ಸುಡುವುದಿಲ್ಲ, ಮನುಷ್ಯನೂ ಸುಡುವುದಿಲ್ಲ. ಹೊಸ ರೋಗಿ ಯಾರೇ ಬರಲಿ, ಚಾಚಾ ಮೊದಲು ಬಲ್ಬಿಗೇ ಕೇಳುತ್ತಾರೆ. ನಾವು ಮೂವರೂ ಬಲ್ಬನ್ನೇ ನೋಡುತ್ತ ನಿಂತೆವು. ಅದು ಬೂದಿಯೊಳಗಿನ ಕೆಂಡದಷ್ಟು ಮಂದವಾಗಿ ಕೆಂಪಾಯಿತು. ಚಾಚಾ ತಲೆಯಾಡಿಸಿದರು. ತಂತಿ ಸುಟ್ಟಿಲ್ಲ. ಇಂಡಿಯವನು ಹೇಳಿದ್ದು ತಪ್ಪು. ಕಾಯಿಯ ಸಕ್ಕರೆ ಒಣಗಿ ಒಂದು ಕಾರ್ಬನ್ ತನ್ನ ಗೂಡಿಗೇ ಅಂಟಿಕೊಂಡಿದೆ, ತಾಮ್ರವನ್ನು ಮುಟ್ಟುತ್ತಿಲ್ಲ. ಒಳಗಿನ ಪಸೆ ಕರೆಂಟನ್ನು ಹಿಡಿಕೆಗೆ ದಾಟಿಸಿದೆ.

ಹಾಗಾದರೆ ಪೂಜೆಗೂ ಮೊದಲು ಅದು ನಿಂತದ್ದೇಕೆ? ಚಾಚಾ ಅದನ್ನೇ ಕೇಳಿದರು. ನಿಲ್ಲುವ ಮುಂಚೆ ಸದ್ದು ಹೇಗಿತ್ತು? ಅಕ್ಕ ಹೇಳಲು ಹೋಗಿ ತಡವರಿಸಿದಳು. ಸದ್ದನ್ನು ಮಾತಿನಲ್ಲಿ ಹೇಳುವುದು ಕಷ್ಟ. ನಾನು ಮೊದಲು ಹಳೆಯ ಚೀಲವಿದ್ದಾಗಿನ ಸದ್ದು ತೆಗೆದೆ, ಹೊಟ್ಟೆಯಿಂದ. ಆಮೇಲೆ ಹೊಸ ಚೀಲದ್ದು, ಮೂಗಿನಿಂದ. ಆಮೇಲೆ ಪೂಜೆಯ ದಿನ ಕೊನೆಯ ಹತ್ತು ನಿಮಿಷ ಅದು ಏರಿದ ಪರಿ. ಚಾಚಾ ನಗಲಿಲ್ಲ. ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಮಾಡಿಸಿದರು. ನನ್ನ ಜೀವಮಾನದಲ್ಲಿ ನನ್ನ ಅನುಕರಣೆಯನ್ನು ಯಾರೂ ಅಷ್ಟು ಗಂಭೀರವಾಗಿ ಕೇಳಿರಲಿಲ್ಲ.

ಮೋಟಾರಿಗೆ ಏನೂ ಆಗಿರಲಿಲ್ಲ, ಅದರ ಮೂಗು ಕಟ್ಟಿತ್ತು ಎಂದರು. ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮೋಟಾರು ಹಗುರಾಗಿ, ಹುಚ್ಚು ವೇಗದಲ್ಲಿ ತಿರುಗುತ್ತದೆ, ದನಿ ಏರುತ್ತದೆ. ತಂಪುಮಾಡುವುದೂ ಅದೇ ಗಾಳಿ, ಅದಿಲ್ಲದೆ ಕಾಯುತ್ತದೆ. ಮಿತಿ ಮೀರಿ ಕಾದಾಗ ಒಳಗಿನ ಒಂದು ಸಣ್ಣ ಬಿಲ್ಲೆ ತಾನೇ ಕರೆಂಟು ಕಡಿಯುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಟ್ಟಿದ್ದರೆ ಅದು ಆರಿ ತಾನಾಗಿ ಎದ್ದು ಕೂರುತ್ತಿತ್ತು. ಆ ಅರ್ಧ ಗಂಟೆಯಲ್ಲಿ ನಾನು ಕಾಯಿ ಒಡೆದಿದ್ದೆ.

ಮೂಗು ಕಟ್ಟಿದ್ದು ಯಾವುದು? ಚಾಚಾ ಅಕ್ಕ ಹೊಲಿದ ಚೀಲವನ್ನು ಬಿಚ್ಚಿ ಅವಳ ಕೈಗೆ ಕೊಟ್ಟರು. ಬಾಯಿಗೆ ಹಿಡಿದು ಊದು ಎಂದರು. ಅಕ್ಕ ಚೀಲದ ಒಂದು ಮಗ್ಗುಲನ್ನು ಬಾಯಿಗೆ ಹಿಡಿದು ಊದಿದಳು. ಗಾಳಿ ದಾಟಲಿಲ್ಲ. ಇನ್ನಷ್ಟು ಊದಿದಳು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಎರಡು ಪದರ, ನಡುವೆ ಒತ್ತಾದ ಹೊಲಿಗೆ, ಅದರ ತುಂಬ ಒಂದು ತಿಂಗಳ ಧೂಳು. ಕೌದಿಯಾಗಿದ್ದರೆ ಅದಕ್ಕಿಂತ ಬೆಚ್ಚನೆಯದು ನಾಲ್ಕು ತಾಲೂಕಿನಲ್ಲಿ ಸಿಗುತ್ತಿರಲಿಲ್ಲ. ಅವಳು ಚೀಲ ಕೆಳಗಿಟ್ಟು, ಸಾವರಿಸಿಕೊಂಡು, ಬಿಚ್ಚಿಟ್ಟ ಮೋಟಾರನ್ನೇ ನೋಡಿದಳು.

“ಪಾಪ,” ಎಂದಳು, “ಇದಕ್ಕೂ ನನ್ನಂಗ ಆಗಿತ್ತು.”

ಅವಳಿಗೆ ಬೇಸರವಾಗಿರಲಿಲ್ಲ. ಬೇರೆ ಏನೋ ಆಗಿತ್ತು. ಧೂಳಿಗೆ ಉಸಿರು ಕಟ್ಟಿದ್ದು ತನ್ನ ದೌರ್ಬಲ್ಯ ಎಂದು ಅವಳು ಮೂರು ವರ್ಷದಿಂದ ನಾಚಿಕೊಂಡಿದ್ದವಳು. ಕಬ್ಬಿಣಕ್ಕೂ ಹಾಗೆ ಆಗುತ್ತದೆ ಎಂದು ಅಲ್ಲಿ ಗೊತ್ತಾಯಿತು. ಹಾಗಾದರೆ ದಾರಿ ಮಾಡಿಕೊಟ್ಟರೆ ಸಾಕು. ಎಂಥ ಬಟ್ಟೆ ಬೇಕು ಎಂದು ಚಾಚಾನನ್ನು ವಿಚಾರಿಸಿದಳು. ಒಂದೇ ಪದರ, ನೇಯ್ಗೆ ಒತ್ತಾಗಿರಬೇಕು, ಧೂಳು ನಿಲ್ಲಬೇಕು, ಉಸಿರು ದಾಟಬೇಕು ಎಂದರು. ಅವಳು ಅದನ್ನು ಬಾಯಿಪಾಠ ಮಾಡುವವಳಂತೆ ತುಟಿಯಲ್ಲೇ ಹೇಳಿಕೊಂಡಳು.

ಚಾಚಾ ಅಂದು ತಾಮ್ರವನ್ನು ಸ್ಪಿರಿಟ್ಟಿನಿಂದ ಒರೆಸಿ ಹೊಳಪು ಬರಿಸಿದರು. ಅಂಟಿದ್ದ ಕಾರ್ಬನ್ ಸವೆದು ಉಗುರಿನಷ್ಟಾಗಿತ್ತು, ಅದು ನಮ್ಮಿಬ್ಬರ ತಪ್ಪೂ ಅಲ್ಲ, ವಯಸ್ಸಿನದು. ಆ ಅಳತೆಯದು ಈಗ ಸಿಗುವುದಿಲ್ಲ. ದೊಡ್ಡ ಯಂತ್ರದ ಜೋಡಿ ಕಾರ್ಬನ್ ತೆಗೆದುಕೊಂಡು ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಅಳತೆಗೆ ತರಿಸಿದರು. ಉಜ್ಜಿದವನು ನಾನು. ಒಂದು ಸಲ ಉಜ್ಜಿ, ಗೂಡಿಗೆ ಹಾಕಿ ನೋಡಿ, ತೆಗೆದು, ಮತ್ತೆ ಉಜ್ಜಿ. ಸಡಿಲಾದರೆ ಕಿಡಿ ಹಾರುತ್ತದೆ, ಬಿಗಿಯಾದರೆ ಮತ್ತೆ ಅಂಟುತ್ತದೆ. ಮೂರು ತಾಸು ಮಾತಿಲ್ಲದೆ ಕೂತೆ. ಚಾಚಾ ನಡುವೆ ಒಮ್ಮೆ ಬಂದು ನನ್ನ ಹಣೆ ಮುಟ್ಟಿ, ಜ್ವರ ಗಿರ ಬಂದಿದೆಯೇ ಎಂದು ಅಕ್ಕನನ್ನು ಕೇಳಿದರು. ಕೊನೆಗೆ ಮೋಟಾರನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಹತ್ತಿರ ಒಂದು ಬಲ್ಬು ಉರಿಸಿ, ಕೋಳಿಮರಿಗೆ ಶಾಖ ಕೊಟ್ಟ ಹಾಗೆ ಒಣಗಲು ಬಿಟ್ಟರು. ನಾಳೆ ಸಂಜೆಗೆ ಬಾ, ಅವಸರ ಮಾಡಿದರೆ ಮತ್ತೆ ಹಿಡಿಕೆಯೇ ಉತ್ತರ ಕೊಡುತ್ತದೆ ಎಂದರು.

ಮಂಗಳವಾರ ಬೆಳಿಗ್ಗೆ ನಮ್ಮ ಓಣಿಯ ಕರೆಂಟಿನವನನ್ನು ಕರೆದು, ಪಡಸಾಲೆಗೆ ಭೂಮಿಯ ತಂತಿ ಎಳೆಸಿ, ಮೂರು ತೂತಿನ ಸಾಕೆಟ್ ಹಾಕಿಸಿದೆ. ಸಂಜೆ ಬಾಗೇವಾಡಿಯಿಂದ ಸಾಹೇಬರನ್ನು ತಂದೆ, ಹೊಸ ವಾಯರು, ಮೂರು ಪಿನ್ನಿನ ಪ್ಲಗ್ಗಿನ ಸಮೇತ. ಚಾಚಾ ಅದನ್ನು ಬಲ್ಬಿನ ಹಲಗೆಯ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಮೈಗೆ ಕರೆಂಟು ಬರುತ್ತಿಲ್ಲ ಎಂದು ನನ್ನ ಕಣ್ಣಾರೆ ತೋರಿಸಿಯೇ ಕೊಟ್ಟಿದ್ದರು. ಮನೆಯಲ್ಲಿ ಅಕ್ಕ ಅಪ್ಪನ ಹಳೆಯ ಧೋತರಗಳನ್ನು ಮುಂದೆ ಹಾಕಿಕೊಂಡು ಒಂದೊಂದನ್ನೇ ಬಾಯಿಗೆ ಹಿಡಿದು ಊದುತ್ತಿದ್ದಳು. ಯಾವುದರಲ್ಲಿ ಉಸಿರು ಸಲೀಸಾಗಿ ದಾಟಿತೋ ಅದನ್ನು ಕತ್ತರಿಸಿದಳು. ಕೆಂಪು ಪಟ್ಟಿಯ ಆಸೆ ಅವಳನ್ನು ಬಿಡಲಿಲ್ಲ, ಬಾಯಿಯ ಅಂಚಿಗೆ ಮಾತ್ರ ಹಾಕಿದಳು.

ಬುಧವಾರ ಬೆಳಿಗ್ಗೆ ನನ್ನನ್ನು ದೂರ ನಿಲ್ಲಿಸಿ ಎಲ್ಲ ತಾನೇ ಮಾಡಿದಳು. ಕೈ ಒರೆಸಿಕೊಂಡಳು, ಚಪ್ಪಲಿ ಹಾಕಿದಳು, ಪ್ಲಗ್ ಹಾಕಿದಳು, ಗುಂಡಿ ಒತ್ತಿದಳು. ಸದ್ದು ಹೊಟ್ಟೆಯಿಂದ ಬಂತು. ಧೋತರದ ಚೀಲ ಉಬ್ಬಿ ನಿಂತಿತು, ಮೇಲೆ ಅಂಗೈ ಹಿಡಿದರೆ ಬೆಚ್ಚನೆಯ ಗಾಳಿ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಎಳೆದಳು. ಕಾಲು ಗಂಟೆಗೆ ಆರಿಸಿ, ಅದು ತಣ್ಣಗಾಗುವವರೆಗೆ ಕಾದಳು, ಮತ್ತೆ ಶುರುಮಾಡಿದಳು. ಮುಗಿಸಿ ಬಂದು ನನ್ನ ಮುಂದೆ ಕೈ ಚಾಚಿದಳು. ಶುಕ್ರವಾರ ಕಸಿದ ಫೋನು ಇನ್ನೂ ನನ್ನ ಹತ್ತಿರವೇ ಇತ್ತು.

ಆ ಕಡೆಯವರು ಏನು ಹೇಳಿದರೋ ನನಗೆ ಕೇಳಲಿಲ್ಲ. ಅಕ್ಕ ಹೇಳಿದ್ದು ಕೇಳಿತು.

“ಮಾಡ್ತೇನ್ರಿ ಬಾಯಾರ. ಹತ್ತೂ ಮಾಡ್ತೇನಿ. ಆದ್ರ ಸೀರಿ ಒಗದು, ಬಿಸಲಿಗೆ ಝಾಡಿಸಿ ಕಳಸಬೇಕು. ಧೂಳಿನ ಗಂಟ ಬಂದ್ರ ಹೊಳ್ಳಿ ಕಳಸ್ತೇನಿ.”

ಬಂದ ಕೆಲಸಕ್ಕೆ ಷರತ್ತು ಹಾಕುವಷ್ಟು ದೊಡ್ಡವರೇ ನಾವು? ಅಕ್ಕ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ, ಆಗಲಿ, ಶುಕ್ರವಾರದ ಬಸ್ಸಿಗೆ ಹಾಕಿರಿ ಎಂದು ಫೋನಿಟ್ಟಳು. ಡಬ್ಬಿ ತೆರೆದು ಸೂಜಿಗಳನ್ನು ಹೊರಗೆ ತೆಗೆದಳು. ಒಂದನ್ನು ಬೆಳಕಿಗೆ ಹಿಡಿದು ದಾರ ಪೋಣಿಸಿದಳು, ಮೊದಲನೆಯ ಸಲಕ್ಕೇ ಹೋಯಿತು.